ವಾಸನೆಯ ನೆನಪು ಮತ್ತು ಕಲೆ

ನಮ್ಮಲ್ಲಿ 'ವಾಸನೆ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮೂಗಿಗೆ ತಗಲುವ ಗಂಧವು ಒಂದು. ಹಿಂದಿನ ಅನುಭವವು ಚಿತ್ತದಲ್ಲಿ ಉಳಿಸಿಹೋಗುವ ಸಂಸ್ಕಾರವು ಇನ್ನೊಂದು. ಸಹೃದಯನಲ್ಲಿ ಈ ಎರಡನೆಯ ವಾಸನೆಯು ಮೊದಲೇ ನೆಲಸಿರುವುದರಿಂದ ಕಾವ್ಯದಲ್ಲಿ ರಸೋದಯವಾಗುವುದೆಂದು ಕಾಶ್ಮೀರದ ಅಭಿನವಗುಪ್ತನು ಸುಮಾರು ಸಾವಿರ ವರ್ಷಗಳ ಹಿಂದೆ ಪ್ರತಿಪಾದಿಸಿದನು. ಬಾಲ್ಯದಲ್ಲಿ ಕಂಡ ಮುಖಗಳು ಮಸಕಾದ ಮೇಲೂ ಅಂದಿನ ಗಂಧವೊಂದು ಸುಳಿದರೆ ಸಾಕು, ಇಡೀ ದಿನವೇ ಕಣ್ಣೆದುರು ಬಂದು ನಿಲ್ಲುತ್ತದೆ. ಇಂತಹ ನೆನಪನ್ನು ಕಲೆಯಾಗಿಸುವ ಬಗೆ ಹೇಗೆಂಬುದೇ ಇಂದಿನ ಪ್ರಶ್ನೆ.

ಕಡಲ ಕರೆಯಲ್ಲಿ ಬೆಳೆದವರ ಭಾಗ್ಯ ದೊಡ್ಡದು. ಉಪ್ಪುಗಾಳಿ, ಒಣಮೀನು, ನೀರಿನಲ್ಲಿ ಕೊಳೆಹಾಕಿದ ತೆಂಗಿನ ನಾರು, ಇವು ಅವರಿಗೆ ಒಂದು ಜನ್ಮಕ್ಕಾಗುವಷ್ಟು ಸಾಮಗ್ರಿಯನ್ನು ಕೊಡುತ್ತವೆ. ಆದರೆ ಕಡಲನ್ನೇ ಕಾಣದ ಆಳಂದ, ಅಫಜಲಪುರ, ಜೇವರ್ಗಿಗಳ ಮಗುವಿಗೂ ಒಂದು ಕರೆಯುಂಟು; ಅದು ಭೀಮಾನದಿಯ ದಂಡೆ. ಆಳಂದದ ಸೀಮೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಸಂಗಮದಲ್ಲಿ ಒದ್ದೆ ಬಟ್ಟೆ, ಕರ್ಪೂರ, ಹಸಿ ಕೆಸರು ಇವುಗಳ ವಾಸನೆ ಒಂದಾಗಿರುತ್ತದೆ. ಊರೊಳಗೆ ಹಿಂದಿನವರಿಗೆ ಪರಿಚಿತವಾಗಿದ್ದುದು ಹಗೇವಿನಿಂದ ತೆಗೆದ ಜೋಳದ ಕಮಟು.

ಬಣ್ಣಗಳಿಗೆ ಕೆಂಪು, ಹಸುರು ಎಂಬ ಸ್ವಂತದ ಹೆಸರುಗಳಿವೆ. ಗಂಧಗಳಿಗಾದರೋ ಅಂತಹ ಹೆಸರುಗಳು ಅತಿ ವಿರಳ. ಇಂಥ ವಸ್ತುವಿನ ವಾಸನೆ ಎಂದೇ ಹೇಳಬೇಕು. ಆದುದರಿಂದ ಕಲಾವಿದನು ಗಂಧವನ್ನು ವರ್ಣಿಸಹೊರಟರೆ ಸೋಲುತ್ತಾನೆ. ವಸ್ತುವನ್ನೂ ವೇಳೆಯನ್ನೂ ನಿಜವಾಗಿ ಕಟ್ಟಿಕೊಟ್ಟರೆ ಗಂಧವು ತಾನಾಗಿ ಬರುತ್ತದೆ. 'ಮಣ್ಣಿನ ಸೊಗಡು' ಎಂದು ನಾವು ಕೃತಿಗಳನ್ನು ಹೊಗಳುವುದುಂಟು. ಯಾವ ಮಣ್ಣು, ಯಾವ ಮಳೆ ಎಂದು ಕೇಳುವವರು ಕಡಿಮೆ. ಕಾದ ನೆಲಕ್ಕೆ ಮೊದಲ ಹನಿ ಬಿದ್ದಾಗ ಏಳುವ ಕಂಪಿಗೆ 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 'ಪೆಟ್ರಿಕಾರ್' ಎಂದು ಹೆಸರಿಟ್ಟರು; ಮಣ್ಣಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯಾಸ್ಮಿನ್ ಎಂಬ ದ್ರವ್ಯವೂ ಅದರಲ್ಲಿ ಸೇರಿದೆ. ಕಾರಣವು ತಿಳಿಯಿತು. ಆದರೆ ಬಿತ್ತನೆಗೆ ಕಾದು ಕುಳಿತ ಎರೆಹೊಲದ ಒಕ್ಕಲಿಗನಿಗೆ ಆ ಕಂಪು ಏನೆಂಬುದನ್ನು ಹೇಳುವ ಕೆಲಸ ಕಲೆಗೇ ಉಳಿದಿದೆ.

ಇನ್ನೊಂದು ಮಾತು. 2020ರ ಅಕ್ಟೋಬರಿನಲ್ಲಿ ಅತಿವೃಷ್ಟಿಯೂ ಮೇಲಣ ಜಲಾಶಯಗಳ ನೀರೂ ಕೂಡಿ ಭೀಮೆಯು ಉಕ್ಕಿ, ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳನ್ನು ಹೊಕ್ಕಿತು. ನೆರೆಯಿಳಿದ ಮನೆಯಲ್ಲಿ ಮೊಳೆತು ಮುಗ್ಗಿದ ಕಾಳು, ಒಣಗದ ಕೌದಿ, ಗೋಡೆಗಂಟಿದ ರಾಡಿ ಇವುಗಳ ನಾತವೇ ಉಳಿಯುವುದು. ಅದನ್ನು ಕಂಡ ಮಕ್ಕಳಿಗೆ ನದಿಯ ವಾಸನೆಯೆಂದರೆ ಅದೂ ಹೌದು. ನಾಳೆ ಅವರಲ್ಲೊಬ್ಬನು ಲೇಖನಿಯನ್ನೋ ಕುಂಚವನ್ನೋ ಹಿಡಿದಾಗ, ಪರಿಮಳವನ್ನು ಮಾತ್ರ ಆರಿಸಿಕೊಂಡು ನಾತವನ್ನು ಬಿಟ್ಟರೆ ಅವನು ಅತ್ತರಿನ ವ್ಯಾಪಾರಿಯಾದಾನು, ಕಲಾವಿದನಾಗಲಾರನು. ಎರಡನ್ನೂ ಇದ್ದಂತೆ ಇಟ್ಟರೆ, ಭೀಮೆಯನ್ನು ಎಂದೂ ಕಾಣದ ಓದುಗನ ಚಿತ್ತದಲ್ಲಿಯೂ ಅವನದೇ ಊರಿನ, ಅವನದೇ ನೀರಿನ ವಾಸನೆ ಎಚ್ಚರಗೊಳ್ಳುತ್ತದೆ.