ನಾಲೆಯ ದಂಡೆಯ ಮೇಲೆ ಬೆಳೆದ ವಿಚಾರ



ಪರಕೀಯರ ಆಳ್ವಿಕೆ ಒಂದು ನಾಡಿನ ಬದುಕನ್ನು ಹೇಗೆ ಒಳಗಿನಿಂದಲೇ ಮಾರ್ಪಡಿಸುತ್ತದೆ ಎಂದು ಏಷ್ಯಾದಲ್ಲಿ ಬಹಳ ಮುಂಚೆಯೇ ಯೋಚಿಸಿದವರಲ್ಲಿ ಫಿಲಿಪ್ಪೀನ್ಸ್ ದೇಶದ ಹೊಸೆ ರಿಸಾಲ್ ಒಬ್ಬರು. ಕಣ್ಣಿನ ವೈದ್ಯರು, ಕಾದಂಬರಿಕಾರರು. ಅವರ ವಿಚಾರದ ಬೇರು ಇದ್ದದ್ದು ಒಂದು ಹೊಲಗದ್ದೆಯ ಊರಿನಲ್ಲಿ, ಕಲಾಂಬದಲ್ಲಿ. ಅಲ್ಲಿನ ಭೂಮಿ ಡೊಮಿನಿಕನ್ ಪಂಥದ ಪಾದ್ರಿಗಳದು. ರಿಸಾಲರ ಮನೆಯವರೂ ಸೇರಿದಂತೆ ಊರಿಗೆ ಊರೇ ಗೇಣಿದಾರರು. ಬೆಳೆ ಭತ್ತ ಮತ್ತು ಕಬ್ಬು. 1887ರ ಹೊತ್ತಿಗೆ ಸ್ಪೇನಿನ ಸರ್ಕಾರ ಆ ಜಮೀನಿನ ವಿವರ ಕೇಳಿದಾಗ, ಗೇಣಿ ಹೇಗೆ ಏರುತ್ತಾ ಬಂದಿದೆ ಎಂಬುದನ್ನು ರಿಸಾಲ್ ಊರಿನವರ ಜೊತೆ ಕೂತು ಬರೆದು, ರೈತರ ಸಹಿ ಹಾಕಿಸಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅವರ ಮನೆಯವರನ್ನೂ ಸೇರಿಸಿ ಬಹಳ ಜನರನ್ನು ಒಕ್ಕಲೆಬ್ಬಿಸಲಾಯಿತು. ಫಿಲಿಪ್ಪೀನ್ಸ್ ಜನ ಸೋಮಾರಿಗಳು ಎಂಬ ಆಳುವವರ ಮಾತಿಗೆ 1890ರಲ್ಲಿ ಅವರು ಒಂದು ದೀರ್ಘ ಲೇಖನದಲ್ಲಿ ಉತ್ತರ ಕೊಟ್ಟರು. ದುಡಿದದ್ದೆಲ್ಲ ಬೇರೆಯವರ ಪಾಲಾಗುವ ಕಡೆ ದುಡಿಯುವ ಹುಮ್ಮಸ್ಸು ಎಲ್ಲಿಂದ ಬರಬೇಕು ಎಂಬುದು ಅವರ ವಾದದ ತಿರುಳು. 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 35 ವರ್ಷ.

ಭತ್ತ, ಕಬ್ಬು, ಏರುವ ಗೇಣಿ, ರೈತರ ಅರ್ಜಿ. ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಈ ಕಥೆ ಪರದೇಶದ್ದು ಅನ್ನಿಸುವುದಿಲ್ಲ. ನಮ್ಮಲ್ಲೂ ಪರಕೀಯರ ಆಳ್ವಿಕೆಯ ಬಗ್ಗೆ ವಿಚಾರ ಹುಟ್ಟಿತು. ಅದು ಹುಟ್ಟಿದ ದಾರಿಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಇಲ್ಲಿ ಒಂದು ತೊಡಕಿತ್ತು. ನಮ್ಮ ಸೀಮೆಯ ರೈತನಿಗೆ ಬ್ರಿಟಿಷರು ನೇರವಾಗಿ ಕಾಣುತ್ತಿರಲಿಲ್ಲ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯ ಬ್ರಿಟಿಷರಿಗೆ ಸೋತಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಆಮೇಲೆ ಸಿಂಹಾಸನದ ಮೇಲೆ ಕೂತವರು ನಮ್ಮ ಒಡೆಯರೇ. ಆದರೆ ಅವರು ವರ್ಷವರ್ಷವೂ ಬ್ರಿಟಿಷರಿಗೆ 24 ಲಕ್ಷ 50 ಸಾವಿರ ರೂಪಾಯಿ ಕಪ್ಪ ಕೊಡಬೇಕಿತ್ತು. 1831ರಿಂದ 1881ರವರೆಗೆ, ಐವತ್ತು ವರ್ಷ, ಬ್ರಿಟಿಷ್ ಕಮಿಷನರುಗಳೇ ರಾಜ್ಯ ನಡೆಸಿದರು. ಲಕ್ಷಾಂತರ ಜನರನ್ನು ನುಂಗಿದ ಧಾತು ಈಶ್ವರ ಬರ ಬಂದದ್ದು ಅವರ ಕಾಲದಲ್ಲೇ. ರಾಜ್ಯವನ್ನು ಹಿಂದಿರುಗಿಸುವಾಗ ಕಪ್ಪವನ್ನು 35 ಲಕ್ಷಕ್ಕೆ ಏರಿಸಿದರು. ಬರದ ಸಾಲದ ಭಾರ ಇದ್ದುದರಿಂದ ಆ ಏರಿಕೆ 1896ರಿಂದ ಜಾರಿಯಾಯಿತು. ಅಂದರೆ ಮಳವಳ್ಳಿಯ ಖುಷ್ಕಿ ಹೊಲದಲ್ಲಿ ರಾಗಿ ಬೆಳೆದವನು ಶಾನುಭೋಗರ ಕೈಗೆ ಕಟ್ಟಿದ ಕಂದಾಯದಲ್ಲಿ ಒಂದು ಪಾಲು, ಅವನು ಹೆಸರೂ ಕೇಳದ ಖಜಾನೆಗೆ ಹೋಗುತ್ತಿತ್ತು.

ಮೈಸೂರನ್ನು ಮಾದರಿ ಸಂಸ್ಥಾನ ಎನ್ನುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ ಎಂ. ವಿಶ್ವೇಶ್ವರಯ್ಯನವರು ಮಾಡಿದ ಕೆಲಸಗಳನ್ನು ನೆನೆದರೆ ಆ ಮಾತು ಸುಳ್ಳೇನೂ ಅಲ್ಲ. ಈ ಜಿಲ್ಲೆಯಲ್ಲಿ ಹುಟ್ಟಿದ ಯಾರೂ ಅವರ ಋಣವನ್ನು ಮರೆಯಲಾರರು. ಆದರೆ ಒಳ್ಳೆಯ ಆಡಳಿತವೂ ಒಂದು ಪರದೆಯಾಗಬಲ್ಲದು. ಇದನ್ನು ಬಿಡಿಸಿ ಹೇಳಿದವರು ಫಿಲಿಪ್ಪೀನ್ಸ್‌ನ ಇನ್ನೊಬ್ಬ ಚಿಂತಕ, ರೆನಾಟೊ ಕಾನ್‌ಸ್ಟಾಂಟಿನೊ. ಸ್ಪೇನಿನ ನಂತರ ಬಂದ ಅಮೆರಿಕದವರು ಶಾಲೆ ತೆರೆದರು, ಇಂಗ್ಲಿಷ್ ಕಲಿಸಿದರು. ಆ ಉಪಕಾರದ ಮರೆಯಲ್ಲಿ ತಾವು ಅಧೀನರು ಎಂಬ ಅರಿವೇ ಜನರಿಂದ ಜಾರಿತು ಎಂದು 1966ರಲ್ಲಿ ಅವರು ಬರೆದರು. ಮೈಸೂರಿನ ಚರಿತ್ರೆ ಓದುವಾಗ ನನಗೆ ಕಾನ್‌ಸ್ಟಾಂಟಿನೊ ಮತ್ತೆ ಮತ್ತೆ ನೆನಪಾಗುತ್ತಾರೆ.

ಶಿವನಸಮುದ್ರವನ್ನೇ ತೆಗೆದುಕೊಳ್ಳಿ. ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಕಾವೇರಿ ಧುಮುಕುವ ಜಾಗ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ರೂಪುಗೊಂಡು, 1902ರಲ್ಲಿ ಅಲ್ಲಿ ವಿದ್ಯುತ್ ಹುಟ್ಟಿತು. ಇಡೀ ಏಷ್ಯಾ ಬೆರಗಾಗಿ ನೋಡಿದ ಸಾಹಸ ಅದು. ಆ ವಿದ್ಯುತ್ ಹೋದದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಜಾನ್ ಟೇಲರ್ ಎಂಬ ಇಂಗ್ಲಿಷ್ ಕಂಪನಿ ನಡೆಸುತ್ತಿದ್ದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮುಂದೆ ಕಾವೇರಿಗೆ ಕನ್ನಂಬಾಡಿ ಕಟ್ಟೆ ಕಟ್ಟುವಾಗಲೂ ಗಣಿಗೆ ವರ್ಷವಿಡೀ ವಿದ್ಯುತ್ ಒದಗಿಸುವುದು ಒಂದು ಮುಖ್ಯ ಲೆಕ್ಕಾಚಾರವೇ ಆಗಿತ್ತು.

1911ರಲ್ಲಿ ಶುರುವಾದ ಕಟ್ಟೆಯ ಕೆಲಸ ಮುಗಿಯುವ ಹೊತ್ತಿಗೆ ಎರಡು ದಶಕ ಕಳೆದಿತ್ತು. ಈ ನಡುವೆ, ವೈಸರಾಯ್ ಇರ್ವಿನ್ ಕಾಲದಲ್ಲಿ, ಮೈಸೂರಿನ ಕಪ್ಪದಲ್ಲಿ ಹತ್ತೂವರೆ ಲಕ್ಷ ಕಡಿಮೆ ಮಾಡಿದರು. ಹುಲಿಕೆರೆಯ ಸುರಂಗ ಹಾದು ಮಂಡ್ಯದ ಕಡೆ ಹರಿದ ನಾಲೆಗೆ ಅದೇ ವೈಸರಾಯನ ಹೆಸರು: ಇರ್ವಿನ್ ನಾಲೆ. ಇವತ್ತು ನಾವು ವಿ.ಸಿ. ನಾಲೆ, ವಿಶ್ವೇಶ್ವರಯ್ಯ ನಾಲೆ ಎನ್ನುವುದು ಇದನ್ನೇ.

ನೀರು ಬಂತು, ಜೊತೆಗೆ ನಿಯಮವೂ ಬಂತು. ಬ್ಲಾಕ್ ಪದ್ಧತಿ ಎಂದರೆ, ನಾಲೆಯ ಕೆಳಗಿನ ಭೂಮಿಯನ್ನು ಭಾಗ ಮಾಡಿ, ಈ ವರ್ಷ ಇಲ್ಲಿ ಕಬ್ಬು, ಅಲ್ಲಿ ಭತ್ತ, ಮತ್ತೊಂದು ಕಡೆ ಅರೆ ಖುಷ್ಕಿ ಬೆಳೆ ಎಂದು ಮೂರು ವರ್ಷದ ಸರದಿ ಗೊತ್ತುಮಾಡುವುದು. ನೀರನ್ನು ಹೆಚ್ಚು ಭೂಮಿಗೆ ಹಂಚಲು ಅದು ಜಾಣ ಉಪಾಯ. ಆದರೆ ತನ್ನ ಹೊಲದಲ್ಲಿ ಏನು ಬೆಳೆಯಬೇಕು ಎಂಬುದನ್ನು ಮಳೆ, ಮನೆಯ ಅಗತ್ಯ ನೋಡಿ ತಾನೇ ತೀರ್ಮಾನಿಸುತ್ತಿದ್ದ ಒಕ್ಕಲಿಗೆ ಅದು ದೊಡ್ಡ ಪಲ್ಲಟ. ಅದರ ಮೇಲೆ ನೀರಿನ ದರ. ಹೊಸದಾಗಿ ತರಿಯಾದ ಜಮೀನಿಗೆ ಎಕರೆ ಲೆಕ್ಕದಲ್ಲಿ ವಂತಿಗೆ. ಪ್ರಪಂಚವೆಲ್ಲ ಆರ್ಥಿಕ ಕುಸಿತದಲ್ಲಿದ್ದ ಕಾಲ, ಧಾನ್ಯದ ಬೆಲೆ ನೆಲ ಕಚ್ಚಿತ್ತು. 1931-32ರಲ್ಲಿ ರೈತರು ಎದ್ದರು. 'ಚಿತ್ರಗುಪ್ತ' ಪತ್ರಿಕೆಯ ಎಚ್.ಕೆ. ವೀರಣ್ಣಗೌಡರು ಅದರ ಮುಂಚೂಣಿಯಲ್ಲಿದ್ದರು. ಚರಿತ್ರೆಯ ಪುಸ್ತಕಗಳು ಇದನ್ನು ಇರ್ವಿನ್ ನಾಲೆ ಚಳವಳಿ ಎಂದು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೆ ಅದು ಸಮಾಧಾನ ತರುವುದಿಲ್ಲ. ನೀರು ಬೇಡ ಎಂದು ಆ ರೈತರು ಹೇಳಲಿಲ್ಲ. ನೀರಿನ ಬೆಲೆಯನ್ನು ಗೊತ್ತುಮಾಡುವಾಗ ನಮ್ಮನ್ನೂ ಕೇಳಿ ಎಂದರು. ಕಲಾಂಬದ ಗೇಣಿದಾರರು ಕೇಳಿದ್ದೂ ಇದನ್ನೇ. ಅಲ್ಲಿ ಅದನ್ನು ಬರೆದಿಡಲು ಒಬ್ಬ ರಿಸಾಲ್ ಇದ್ದರು, ಆದ್ದರಿಂದ ಅದನ್ನು ಚಿಂತನೆ ಎಂದು ಪಾಠ ಹೇಳುತ್ತಾರೆ. ಇಲ್ಲಿನದೂ ಚಿಂತನೆಯೇ.

'ನಮ್ಮನ್ನೂ ಕೇಳಿ' ಎಂಬ ಮಾತಿಗೆ ಆಗಲೇ ಇನ್ನೊಂದು ಹಿನ್ನೆಲೆಯೂ ಇತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ, ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರ ಪಾಲೆಷ್ಟು ಎಂದು ಕೇಳಿತ್ತು. ಅದನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಹೀಗೆ ಹಳ್ಳಿಯ ಒಕ್ಕಲು ಮನೆತನಗಳಿಂದ ಬಂದ ನಾಯಕರು ಕಾಂಗ್ರೆಸ್ಸಿಗಿಂತ ಮೊದಲು ಬೇರೆ ದಾರಿಯಲ್ಲಿ ನಡೆದಿದ್ದರು. ಆ ನಾಯಕರ ಪಕ್ಷಗಳು 1937ರಲ್ಲಿ ಕಾಂಗ್ರೆಸ್ಸಿನೊಡನೆ ಬೆರೆತ ಮೇಲೆಯೇ ಸ್ವಾತಂತ್ರ್ಯ ಚಳವಳಿ ನಮ್ಮ ಊರುಗಳೊಳಗೆ ನಿಜವಾಗಿ ಇಳಿದದ್ದು.

ಅದರ ಫಲ 1938ರ ಏಪ್ರಿಲ್‌ನಲ್ಲಿ ಕಾಣಿಸಿತು. ಫೆಬ್ರವರಿಯಲ್ಲಿ ಸೇರಿದ ಹರಿಪುರ ಕಾಂಗ್ರೆಸ್, ಸಂಸ್ಥಾನಗಳ ಜನ ತಮ್ಮ ಹೋರಾಟವನ್ನು ತಾವೇ ನಡೆಸಿಕೊಳ್ಳಲಿ ಎಂದಿತ್ತು. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಸಲು ಆರಿಸಿದ್ದು ಬೆಂಗಳೂರನ್ನೂ ಅಲ್ಲ, ಮೈಸೂರನ್ನೂ ಅಲ್ಲ. ಎರಡರ ನಡುವಿನ ಹೆದ್ದಾರಿಯ ಮೇಲೆ ಮದ್ದೂರಿಗೆ ಅಂಟಿಕೊಂಡಿರುವ ಶಿವಪುರವನ್ನು. ಟಿ. ಸಿದ್ಧಲಿಂಗಯ್ಯನವರು ಅಧ್ಯಕ್ಷರು. ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ ಹಾರಿಸಕೂಡದು ಎಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿತು. ಸರ್ಕಾರದ ವಾದವನ್ನು ಗಮನಿಸಬೇಕು: ಇಲ್ಲಿ ಗಂಡಭೇರುಂಡದ ಧ್ವಜ ಇದೆ, ಮಹಾರಾಜರಿದ್ದಾರೆ, ಬೇರೊಂದು ಬಾವುಟ ಯಾಕೆ? ಜನರ ಬಳಿ ಉತ್ತರ ಇತ್ತು. ಮಹಾರಾಜರ ಮೇಲೆ ಅವರಿಗೆ ಭಕ್ತಿ ಇತ್ತು, ಆದರೂ ತ್ರಿವರ್ಣ ಬೇಕಿತ್ತು. ಯಾಕೆಂದರೆ ಅರಮನೆಯ ಮೇಲೂ ಒಬ್ಬ ಒಡೆಯನಿದ್ದಾನೆ ಎಂಬುದು ಅಷ್ಟು ಹೊತ್ತಿಗೆ ಅವರಿಗೆ ಮನದಟ್ಟಾಗಿತ್ತು. ಏಪ್ರಿಲ್ 9ರಿಂದ 11ರವರೆಗೆ ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ಬಂದು ಸೇರಿದರು. ಆಜ್ಞೆ ಮುರಿದು ಬಾವುಟ ಏರಿತು, ನಾಯಕರು ಸೆರೆಯಾದರು. ಶಿವಪುರದಲ್ಲಿ ರಕ್ತ ಹರಿಯಲಿಲ್ಲ. ಎರಡೇ ವಾರಕ್ಕೆ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಹರಿಯಿತು. ಆಮೇಲೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದರು. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಅವರೊಡನೆ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಗೇ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದಾಯಿತು. ಮರುವರ್ಷ, 1939ರಲ್ಲಿ, ಮಂಡ್ಯ ಬೇರೆ ಜಿಲ್ಲೆಯಾಯಿತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ಮೇಲಿನ ಒಡೆಯ ಯಾರು ಎಂದು ಶಿವಪುರ ಕೇಳಿತು. ಊರಿನ ಒಳಗಿನ ಮೇಲು ಕೀಳನ್ನು ಕೇಳಿದವರು ಬೇರೆ, ಅದೂ ಶತಮಾನಗಳ ಹಿಂದೆಯೇ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ಅವರ ಪರಂಪರೆಯ ಹಾಡುಗಾರರಾದ ನೀಲಗಾರರು ತಂಬೂರಿ ಮೀಟುತ್ತಾ, ಗಗ್ಗರ ಆಡಿಸುತ್ತಾ ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಅವರು ಕಲ್ಯಾಣಕ್ಕೆ ಹೋಗುತ್ತಾರೆ. ಶರಣರ ಪಟ್ಟಣಕ್ಕೆ, ಕೀಳು ಕುಲದವನ ವೇಷದಲ್ಲಿ. ಸಮಾನತೆಯ ಮಾತಾಡುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಮಂಟೇಸ್ವಾಮಿ ತಿಪ್ಪೆಯ ಮೇಲೆ ಮಲಗುತ್ತಾರೆ. ಕೊನೆಗೆ ಅವರನ್ನು ಗುರುತಿಸುವವರು ಬಸವಣ್ಣನವರು. ಮದ್ದೂರು ಕಡೆಯ ನಿಡಘಟ್ಟದ ಕೆಂಪಾಚಾರಿ ಮಂಟೇಸ್ವಾಮಿಯ ಶಿಷ್ಯನಾಗಿ ಸಿದ್ಧಪ್ಪಾಜಿಯಾಗುತ್ತಾನೆ. ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋದರೆ ಅಲ್ಲಿನ ಪಾಂಚಾಳರು, ಕುಲುಮೆ ಇಟ್ಟುಕೊಂಡೇ, ಇಲ್ಲವೆನ್ನುತ್ತಾರೆ. ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ಬಿಟ್ಟು ಜನ ಇವತ್ತಿಗೂ ಜೊತೆಗೆ ಕೂತು ಉಣ್ಣುತ್ತಾರೆ.

ಫಿಲಿಪ್ಪೀನ್ಸ್‌ನ ಇತಿಹಾಸಕಾರ ರೆಯ್ನಾಲ್ಡೊ ಇಲೆಟೊ 1979ರಲ್ಲಿ ಒಂದು ಪುಸ್ತಕ ಬರೆದರು. ಅಲ್ಲಿನ ರೈತರು ಏಸುವಿನ ಯಾತನೆಯ ಕಥೆಯನ್ನು ತಮ್ಮ ನುಡಿಯಲ್ಲಿ ವರ್ಷವರ್ಷವೂ ಹಾಡುತ್ತಿದ್ದರು. ಕ್ರಾಂತಿ ಎಂದರೇನು ಎಂಬುದನ್ನು ಅವರು ಅರ್ಥಮಾಡಿಕೊಂಡದ್ದು ಓದಿದವರ ಭಾಷಣಗಳಿಗಿಂತ ಹೆಚ್ಚಾಗಿ ಆ ಹಾಡಿನಿಂದ ಎಂದು ಇಲೆಟೊ ತೋರಿಸಿದರು. ಹಾಗೆ ನಮ್ಮ ಸೀಮೆಯನ್ನು ಯಾರಾದರೂ ಓದಬೇಕು ಎಂಬುದು ನನ್ನ ಬಹುದಿನದ ಆಸೆ. ಇಲ್ಲವೆಂದವರ ಕುಲುಮೆಯ ಮುಂದೆ ಜಗ್ಗದೆ ನಿಂತ ಸಿದ್ಧಪ್ಪಾಜಿಯ ಕಥೆ ಕೇಳಿ ಬೆಳೆದವರಿಗೆ, ನಿಷೇಧಾಜ್ಞೆಯ ಮುಂದೆ ನಿಲ್ಲುವುದು ಹೊಸತಾಗಿರಲಾರದು. ಹಳೆಯ ಮನೆಗಳ ಅಟ್ಟದ ಮೇಲೆ ಕಂದಾಯದ ರಸೀದಿ, ನಾಲೆ ವಂತಿಗೆಯ ನೋಟೀಸು, ಅರ್ಜಿಯ ನಕಲುಗಳು ಉಳಿದಿದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ನೀಲಗಾರರು ಹಾಡಲು ಕೂತಾಗ ನಮ್ಮ ಮೂರೂ ತಾಲ್ಲೂಕಿನ ಕಾಲೇಜು ಮಕ್ಕಳು ಹತ್ತಿರ ಕೂತು ಕೇಳಲಿ, ಬರೆದುಕೊಳ್ಳಲಿ, ಆ ಅರ್ಜಿಗಳ ಪಕ್ಕದಲ್ಲಿಟ್ಟು ಓದಲಿ.