ಚಳಿಗಾಲದ ಬೆಳಗೂ ಹಳೆಯ ಡೀಸೆಲ್ ಕಾರೂ



ನಮ್ಮಲ್ಲಿ ಅನೇಕರು ಬೆಂಗಳೂರು, ದಾವಣಗೆರೆ, ಹೊಸಪೇಟೆಗಳಲ್ಲಿ ನೆಲಸಿದ್ದರೂ ಹುಟ್ಟಿದ ಊರಿನ ನಂಟನ್ನು ಬಿಟ್ಟವರಲ್ಲ. ಸುಗ್ಗಿಗೆ, ಜಾತ್ರೆಗೆ, ಮದುವೆಗೆ ಕುಟುಂಬಸಮೇತರಾಗಿ ಹಳ್ಳಿಗೆ ಹೋಗುತ್ತೇವೆ. ಅಂಥ ಪ್ರಯಾಣಕ್ಕೆ ಒದಗುವ ವಾಹನ ಹಲವರ ಮನೆಗಳಲ್ಲಿ ಹದಿನೈದಿಪ್ಪತ್ತು ವರ್ಷ ದುಡಿದ ಒಂದು ಡೀಸೆಲ್ ಕಾರು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ, ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಯಲು ಸೀಮೆ; ಡಿಸೆಂಬರ್ ಜನವರಿಗಳಲ್ಲಿ ಆಕಾಶ ನಿರ್ಮಲವಾಗಿರುವುದರಿಂದ ನೆಲದ ಶಾಖವೆಲ್ಲ ಇರುಳಿನಲ್ಲಿ ಮೇಲಕ್ಕೆ ಹಾರಿಹೋಗುತ್ತದೆ. ಮಧ್ಯಾಹ್ನ ಬೆವರು ಸುರಿಸಿದ ಊರಿನಲ್ಲೇ ಬೆಳಗಿನ ಜಾವಕ್ಕೆ ಕಂಬಳಿ ಬೇಕಾಗುತ್ತದೆ. ರಾತ್ರಿಯೆಲ್ಲ ಅಂಗಳದಲ್ಲಿ ನಿಂತಿದ್ದ ಕಾರು ಅಂಥ ಹೊತ್ತಿನಲ್ಲಿ ಮೊಂಡು ಹಿಡಿಯುವುದುಂಟು.

ಇದು ಕೇವಲ ಅನನುಕೂಲದ ಮಾತಲ್ಲ. ಹಳ್ಳಿಯಲ್ಲಿ ಒಂದು ಕಾರು ನಿಂತಿದೆಯೆಂದರೆ ಅದು ಒಂದು ಮನೆಯ ಸ್ವತ್ತಾಗಿ ಉಳಿಯುವುದಿಲ್ಲ. ನೆರೆಮನೆಯ ಗರ್ಭಿಣಿಗೆ ನೋವು ಬಂದರೆ, ಹಿರಿಯರೊಬ್ಬರಿಗೆ ಎದೆ ಹಿಡಿದರೆ, ನಸುಕಿನ ನಾಲ್ಕು ಗಂಟೆಗೆ ಬಾಗಿಲು ತಟ್ಟುವುದು ಕಾರಿರುವ ಮನೆಯನ್ನೇ. ಆ ಗಳಿಗೆಯಲ್ಲಿ ಗಾಡಿ ಏಳದಿದ್ದರೆ ಆಗುವ ನಷ್ಟವನ್ನು ರೂಪಾಯಿಗಳಲ್ಲಿ ಅಳೆಯಲಾಗದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಚಾರ ಮಾಡುವುದು ಉಚಿತವಾಗಿದೆ.

ಮೊದಲು ಡೀಸೆಲ್ ಇಂಜಿನಿನ ಗುಟ್ಟೇನೆಂಬುದನ್ನು ನೋಡೋಣ. ಪೆಟ್ರೋಲ್ ಇಂಜಿನಿನಲ್ಲಿ ವಿದ್ಯುತ್ತಿನ ಕಿಡಿ ಬೆಂಕಿ ಹೊತ್ತಿಸುತ್ತದೆ. ಡೀಸೆಲಿನಲ್ಲಿ ಅಂಥ ಕಿಡಿಯಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಗಾಳಿಯನ್ನು ಅದುಮಿದರೆ ಶಾಖ ಹುಟ್ಟುತ್ತದೆ. ಈ ತತ್ತ್ವವನ್ನೇ ಹಿಡಿದು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ನಮ್ಮ ಹಳೆಯ ಡೀಸೆಲ್ ಕಾರುಗಳಲ್ಲಿ ಗಾಳಿಯನ್ನು ಸುಮಾರು 22ರಲ್ಲಿ ಒಂದು ಪಾಲಿಗೆ ಅದುಮುತ್ತಾರೆ. ಆಗ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡಿನ ಆಚೆಗೆ ಏರಬಲ್ಲುದು. ಅದರೊಳಕ್ಕೆ ನಾಜಲಿನಿಂದ ಮಂಜಿನಂತೆ ಚಿಮ್ಮಿದ ಎಣ್ಣೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಆದರೆ ಇಂಜಿನು ತಣ್ಣಗಿರುವಾಗ ಲೋಹದ ಗೋಡೆಗಳು ಈ ಶಾಖವನ್ನು ಹೀರಿಬಿಡುತ್ತವೆ. ಆ ಕೊರತೆಯನ್ನು ತುಂಬಲೆಂದೇ ಒಂದೊಂದು ಸಿಲಿಂಡರಿಗೂ ಒಂದೊಂದು ಹೀಟರ್ ಪ್ಲಗ್ಗನ್ನು ಇಟ್ಟಿರುತ್ತಾರೆ. ಬೀಗದ ಕೈ ತಿರುಗಿಸಿದೊಡನೆ ಅದರ ತುದಿ ಕೆಂಡದಂತೆ ಕೆಂಪಾಗುತ್ತದೆ.

ಅಂದಮೇಲೆ ಡೀಸೆಲ್ ಕಾರು ಏಳಬೇಕಾದರೆ ಮೂರು ಒದಗಬೇಕು: ಇಂಜಿನು ಸಾಕಷ್ಟು ಜೋರಾಗಿ ತಿರುಗಬೇಕು, ಎಣ್ಣೆ ತಡೆಯಿಲ್ಲದೆ ಬರಬೇಕು, ಒಳಗೆ ಶಾಖವಿರಬೇಕು. ತಿರುಗು, ಎಣ್ಣೆ, ಶಾಖ ಎಂದು ನೆನಪಿಟ್ಟುಕೊಂಡರೆ ಸಾಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಗಾಡಿ ಏಳದಿದ್ದಾಗ ಜನರು "ಚಳಿಗೆ ಡೀಸೆಲ್ ಹೆಪ್ಪುಗಟ್ಟಿದೆ" ಎನ್ನುತ್ತಾರೆ. ಹಿಮ ಬೀಳುವ ದೇಶಗಳಲ್ಲಿ ಅದು ನಿಜ. ಡೀಸೆಲಿನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರನ್ನು ಮುಚ್ಚಿಬಿಡುತ್ತದೆ. ಲಡಾಖಿಗಾಗಿ 2019ರಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಡೀಸೆಲನ್ನೇ ಬೇರೆಯಾಗಿ ತಯಾರಿಸಬೇಕಾಯಿತು. ನಮ್ಮ ಪಂಪುಗಳಲ್ಲಿ ಚಳಿಗಾಲಕ್ಕೆಂದು ಕೊಡುವ ಡೀಸೆಲ್ 3 ಡಿಗ್ರಿಯವರೆಗೂ ಹರಿಯುತ್ತಿರಬೇಕೆಂಬುದು ಭಾರತೀಯ ಮಾನಕದ ಕಟ್ಟಳೆ. ಹೊಸಹಳ್ಳಿಯ ಚಳಿ ಅಷ್ಟು ದೂರ ಇಳಿಯುವುದಿಲ್ಲ. ಆರೋಗ್ಯವಂತವಾದ ಡೀಸೆಲ್ ಕಾರು ನಮ್ಮ ಸೀಮೆಯ ಚಳಿಗೆ ಸೋಲಬೇಕಾದ ಕಾರಣವೇ ಇಲ್ಲ. ಸೋತರೆ, ಬೇಸಗೆಯಲ್ಲಿ ಅಡಗಿದ್ದ ಯಾವುದೋ ದೋಷವನ್ನು ಚಳಿ ಹೊರಗೆಳೆದು ತೋರಿಸುತ್ತಿದೆಯೆಂದು ತಿಳಿಯತಕ್ಕದ್ದು. ಚಳಿಯನ್ನು ಅಪರಾಧಿಯೆಂದು ಬಯ್ಯುವುದಕ್ಕಿಂತ ಸಾಕ್ಷಿಯೆಂದು ವಿಚಾರಿಸುವುದು ಲೇಸು.

ಆ ವಿಚಾರಣೆಯನ್ನು ಕಿವಿಯಿಂದ ಆರಂಭಿಸೋಣ. ಸೆಲ್ಫ್ ಹೊಡೆದಾಗ ಇಂಜಿನು ನರಳುತ್ತಾ ತಿರುಗಿದರೆ ಮಿಕ್ಕ ಯೋಚನೆಯನ್ನು ಬಿಟ್ಟು ಬ್ಯಾಟರಿಯ ಕಡೆಗೆ ಹೋಗಬೇಕು. ಮೆಲ್ಲಗೆ ತಿರುಗಿದರೆ ಅದುಮಿದ ಗಾಳಿ ಸೋರಿ ತಣ್ಣಗಾಗಲು ಹೊತ್ತು ಸಿಕ್ಕುತ್ತದೆ, ಶಾಖ ಹುಟ್ಟುವುದಿಲ್ಲ. ಪೂರ್ಣವಾಗಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸುತ್ತದೆ. 12 ವೋಲ್ಟಿಗೆ ಇಳಿದಿದ್ದರೆ ಅದು ಬಹುಪಾಲು ಬರಿದಾಗಿದೆ. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಸಂಶಯಪಡಬೇಕು. ಅಳೆಯುವ ಉಪಕರಣವಿಲ್ಲದಿದ್ದರೆ ಹೆಡ್‌ಲೈಟು ಹಾಕಿಕೊಂಡು ಸೆಲ್ಫ್ ಹೊಡೆದು ನೋಡಬಹುದು. ದೀಪ ಆರುವಷ್ಟು ಮಂಕಾದರೆ ಉತ್ತರ ದೊರೆತಂತೆಯೇ. ಆದರೂ ಹೊಸ ಬ್ಯಾಟರಿಗೆ ಹಣ ತೆರುವ ಮೊದಲು ಅದರ ಕೊಂಬುಗಳ ಮೇಲೆ ಬೆಳೆದ ಬಿಳಿ ಹಸಿರು ಕಿಲುಬನ್ನು ನೋಡಿರಿ. ಋಣದ ತಂತಿಯನ್ನು ಮೊದಲು ಬಿಚ್ಚಿ, ಅಡಿಗೆ ಸೋಡ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರಸಿ, ಬಿಗಿಯಾಗಿ ಕಟ್ಟಿದರೆ ಎಷ್ಟೋ "ಸತ್ತ" ಬ್ಯಾಟರಿಗಳು ಬದುಕುತ್ತವೆ. ಇಂಜಿನಿನಿಂದ ಗಾಡಿಯ ಮೈಗೆ ಹೋಗುವ ಅರ್ತಿಂಗ್ ಪಟ್ಟಿಯನ್ನೂ ಮರೆಯಬಾರದು. ಇಂಜಿನ್ ಆಯಿಲ್ ತೀರ ಮಂದವಾಗಿದ್ದರೂ ತಿರುಗುವುದು ಕಷ್ಟವಾಗುತ್ತದೆ. ತಯಾರಕರು ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸತಕ್ಕದ್ದು.

ಇಂಜಿನು ಚುರುಕಾಗಿ ತಿರುಗಿಯೂ ಏಳದಿದ್ದರೆ ಈಗ ಕಣ್ಣಿಗೆ ಕೆಲಸ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಸೈಲೆನ್ಸರಿನ ಬಾಯನ್ನು ನೋಡಲಿ. ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಎಣ್ಣೆ ತಲಪುತ್ತಿಲ್ಲ. ಬಿಳಿಯ ಹೊಗೆ ಕಣ್ಣುರಿಸುವ ವಾಸನೆಯೊಡನೆ ಬಂದರೆ ಎಣ್ಣೆ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಎಂದರೆ ಶಾಖದ ಕೊರತೆ. ಈ ಒಂದು ನೋಟ ಅರ್ಧ ದಿನದ ಬಿಚ್ಚಾಟವನ್ನು ಉಳಿಸುತ್ತದೆ.

ಹೊಗೆಯಿಲ್ಲದಿದ್ದಾಗ ಮೂರನ್ನು ಪರೀಕ್ಷಿಸಬೇಕು. ಡೀಸೆಲ್ ಪಂಪಿನ ಮೇಲಿರುವ, ಎಣ್ಣೆಯನ್ನು ಬಿಡುವ ತಡೆಯುವ ವಿದ್ಯುತ್ ಕವಾಟದ ತಂತಿ ಕಳಚಿದೆಯೇ? ಫಿಲ್ಟರು ಕಟ್ಟಿದೆಯೇ, ಅದರ ಬುಡದಲ್ಲಿ ನೀರು ನಿಂತಿದೆಯೇ? ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿದೆಯೇ? ಕೊನೆಯದು ಹಳೆಯ ಗಾಡಿಗಳಲ್ಲಿ ಬಹು ಸಾಮಾನ್ಯ. ರಬ್ಬರು ಕೊಳವೆ ಬಿರುಕುಬಿಟ್ಟು, ಹೊರಕ್ಕೆ ಎಣ್ಣೆ ಸೋರದಿದ್ದರೂ ಒಳಕ್ಕೆ ಗಾಳಿ ನುಸುಳುತ್ತದೆ; ರಾತ್ರಿ ಕಳೆಯುವಷ್ಟರಲ್ಲಿ ಎಣ್ಣೆ ಹಿಂದಕ್ಕೆ ಟ್ಯಾಂಕಿಗೆ ಜಾರಿಹೋಗುತ್ತದೆ. ಇದಕ್ಕೆ ಕಾಸಿಲ್ಲದ ಒಂದು ಪರೀಕ್ಷೆಯುಂಟು. ಒಂದು ರಾತ್ರಿ ಗಾಡಿಯ ಮೂತಿಯನ್ನು ಇಳಿಜಾರಿನ ಕಡೆಗೆ ಮಾಡಿ ನಿಲ್ಲಿಸಿರಿ. ಬೆಳಿಗ್ಗೆ ಸಲೀಸಾಗಿ ಎದ್ದರೆ ಗಾಳಿಯ ದೋಷವೆಂದು ಬಹುಮಟ್ಟಿಗೆ ನಂಬಬಹುದು. ಕೊಳವೆಯನ್ನೂ ಕ್ಲಿಪ್ಪುಗಳನ್ನೂ ಬದಲಾಯಿಸಿ, ಕೈಪಂಪನ್ನು ಒತ್ತಿ ಗಾಳಿ ತೆಗೆದರೆ ಕೆಲಸ ಮುಗಿಯಿತು.

ಬಿಳಿ ಹೊಗೆ ಬಂದಾಗ ಮೊದಲ ಸಂಶಯ ಹೀಟರ್ ಪ್ಲಗ್ಗುಗಳ ಮೇಲೆ. ಬೆಳಿಗ್ಗೆ ಹಟ ಮಾಡಿದ ಗಾಡಿ ಮಧ್ಯಾಹ್ನ ಮಾತಿಗೆ ಮುಂಚೆ ಎದ್ದರೆ, ಅಥವಾ ಎದ್ದ ಮೇಲೆ ಒಂದು ನಿಮಿಷ ಕುಂಟುತ್ತಾ ನಡುಗಿ ಅನಂತರ ಸರಿಹೋದರೆ, ನಾಲ್ಕರಲ್ಲಿ ಒಂದೆರಡು ಸುಟ್ಟಿವೆಯೆಂದು ಊಹಿಸಬಹುದು. ಪರೀಕ್ಷೆ ಸುಲಭ. ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿಯನ್ನು ಬಿಚ್ಚಿ, ಒಂದು ಪರೀಕ್ಷಾ ದೀಪದ ಒಂದು ತಂತಿಯನ್ನು ಬ್ಯಾಟರಿಯ ಧನದ ಕೊಂಬಿಗೂ ಇನ್ನೊಂದನ್ನು ಪ್ಲಗ್ಗಿನ ತಲೆಗೂ ಮುಟ್ಟಿಸಿದರೆ, ದೀಪ ಹತ್ತದ ಪ್ಲಗ್ಗು ಸತ್ತಿದೆ. ಎಲ್ಲವೂ ಹತ್ತಿದರೆ, ಬೀಗದ ಕೈ ತಿರುಗಿಸಿದಾಗ ಆ ಪಟ್ಟಿಗೆ ವಿದ್ಯುತ್ತು ಬರುತ್ತಿದೆಯೇ ಎಂದು ನೋಡಬೇಕು. ಬರದಿದ್ದರೆ ದೋಷ ಫ್ಯೂಸಿನಲ್ಲಿಯೋ ರಿಲೇಯಲ್ಲಿಯೋ ಇದೆ. ಹಳೆಯ ಪ್ಲಗ್ಗುಗಳು ಮಸಿಯಿಂದ ಕಚ್ಚಿಕೊಂಡಿರುವುದರಿಂದ ಇಂಜಿನು ಬೆಚ್ಚಗಿರುವಾಗ ನಿಧಾನವಾಗಿ ಬಿಚ್ಚಿಸಬೇಕು. ಮುರಿದು ಒಳಗುಳಿದರೆ ಸಣ್ಣ ಖರ್ಚು ದೊಡ್ಡದಾಗುತ್ತದೆ. ಇವೆಲ್ಲ ಸರಿಯಿದ್ದೂ ಹೊಗೆಯೊಂದೇ ಬಂದರೆ ಮಾತ್ರ ನಾಜಲು, ಪಂಪಿನ ಟೈಮಿಂಗು, ಸಿಲಿಂಡರಿನ ಸವೆತ ಇವುಗಳ ಪ್ರಶ್ನೆ ಏಳುತ್ತದೆ. ಅದು ನುರಿತ ಮೇಸ್ತ್ರಿಯ ಕೆಲಸ. ಪಂಪನ್ನು ಬಿಚ್ಚುವ ದುಬಾರಿ ಕೆಲಸಕ್ಕೆ ಒಪ್ಪುವ ಮೊದಲು ಮೇಲಣ ಪರೀಕ್ಷೆಗಳು ಆಗಿವೆಯೇ ಎಂದು ಕೇಳುವ ಹಕ್ಕು ನಮಗಿದೆ.

ಇನ್ನು ಮಾಡಬಾರದ ಕೆಲಸಗಳನ್ನು ಕುರಿತು ನಾಲ್ಕು ಮಾತು. ಈ ಭಾಷಣದಲ್ಲಿ ಮಿಕ್ಕುದನ್ನು ಮರೆತರೂ ಇವನ್ನು ಮರೆಯಬೇಡಿರಿ. ಟ್ಯಾಂಕಿಯ ಕೆಳಗೋ ಇಂಜಿನಿನ ಕೆಳಗೋ ಚಿಂದಿಗೆ ಬೆಂಕಿ ಹಚ್ಚಿ ಕಾಯಿಸುವ ಪದ್ಧತಿ ಹೆದ್ದಾರಿಗಳಲ್ಲಿ ಹಳೆಯದು. ಎಣ್ಣೆಯ ಪಸೆ ಹಿಡಿದ ಹಳೆಯ ಗಾಡಿಗೆ ಅದು ಚಿತೆಯೊಡ್ಡಿದಂತೆ. ಗಾಳಿಯ ಕೊಳವೆಗೆ ಈಥರ್ ಸಿಂಪಡಿಸುವುದೂ ಹಾಗೆಯೇ; ಕಾದ ಹೀಟರ್ ಪ್ಲಗ್ಗಿಗೆ ಅದು ತಗುಲಿದರೆ ಅಕಾಲದಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯಬಹುದು. ಡೀಸೆಲಿಗೆ ಸೀಮೆಎಣ್ಣೆ ಬೆರೆಸಿದರೆ ತೆಳುವಾಗುತ್ತದೆಂಬ ನಂಬಿಕೆಯುಂಟು. ಪಂಪಿನ ಒಳಭಾಗಗಳಿಗೆ ಜಾರುಗುಣವನ್ನು ಕೊಡುವುದು ಡೀಸೆಲೇ ಆದುದರಿಂದ, ಸೀಮೆಎಣ್ಣೆ ಪಂಪನ್ನು ಸವೆಸುತ್ತದೆ. ಗಾಡಿ ಎದ್ದ ಸಂತೋಷದಲ್ಲಿ ಮುಚ್ಚಿದ ಕೊಟ್ಟಿಗೆಯೊಳಗೆ ಇಂಜಿನನ್ನು ಓಡಿಸುತ್ತಾ ನಿಲ್ಲಿಸಬಾರದು. ಆ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ವಿಷಾನಿಲವಿರುತ್ತದೆ. ತಳ್ಳಿ ಎಬ್ಬಿಸುವುದೂ ಕೊನೆಯ ಉಪಾಯವೇ ಆಗಲಿ. ಇಂಜಿನು ಏಳುವವರೆಗೆ ಬ್ರೇಕಿಗೂ ಸ್ಟಿಯರಿಂಗಿಗೂ ಯಂತ್ರದ ನೆರವಿಲ್ಲದೆ ಗಾಡಿ ಕೈಮೀರಬಹುದು.

ಕ್ರಮವಾಗಿ ಎಬ್ಬಿಸುವ ವಿಧಾನ ಇಷ್ಟೆ. ಎಲ್ಲ ದೀಪಗಳನ್ನೂ ಆರಿಸಿ, ಬೀಗದ ಕೈ ತಿರುಗಿಸಿ, ಹೀಟರಿನ ದೀಪ ಆರುವತನಕ ಕಾಯಬೇಕು. ತೀರ ಹಳೆಯ ಗಾಡಿಗಳಿಗೆ ಇಪ್ಪತ್ತು ಮೂವತ್ತು ಸೆಕೆಂಡು ಬೇಕಾದೀತು. ಚಳಿ ಹೆಚ್ಚಿದ್ದರೆ ಮತ್ತೊಮ್ಮೆ ಕಾಯಿಸಬಹುದು. ಕ್ಲಚ್ಚನ್ನು ತುಳಿದು, ಹತ್ತು ಸೆಕೆಂಡು ಮೀರದಂತೆ ಸೆಲ್ಫ್ ಹೊಡೆಯಬೇಕು. ಏಳದಿದ್ದರೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಸಿಟ್ಟಿನಿಂದ ಒಂದೇಸಮನೆ ಹೊಡೆದರೆ ಉಳಿದಿದ್ದ ಬ್ಯಾಟರಿಯೂ ಖಾಲಿಯಾಗಿ ಒಂದು ದೋಷ ಎರಡಾಗುತ್ತದೆ.

ದೀಪಾವಳಿಗೆ ಮನೆಗೆ ಸುಣ್ಣ ಬಳಿಸುವ ಪದ್ಧತಿ ನಮ್ಮಲ್ಲಿದೆ. ಅದೇ ವಾರದಲ್ಲಿ ಗಾಡಿಗೂ ಅರ್ಧ ಗಂಟೆ ಮುಡಿಪಾಗಿಡೋಣ. ಬ್ಯಾಟರಿಯ ಕೊಂಬು ತೊಳೆದು, ಫಿಲ್ಟರಿನ ನೀರು ಇಳಿಸಿ, ಪ್ಲಗ್ಗುಗಳನ್ನು ದೀಪ ಮುಟ್ಟಿಸಿ ನೋಡಿ, ಕೊಳವೆಗಳ ಮೇಲೆ ಬೆರಳಾಡಿಸಿದರೆ ಚಳಿಗಾಲದ ಕಾಟದಲ್ಲಿ ಬಹುಭಾಗ ಬಾಗಿಲಲ್ಲೇ ನಿಲ್ಲುತ್ತದೆ. ಊರಿಗೆ ಹೋಗುವ ಮುನ್ನ ಈ ಕೆಲಸ ಮುಗಿದಿರಲಿ; ಹೊಸಹಳ್ಳಿಯಂಥ ಊರುಗಳಲ್ಲಿ ನಸುಕಿನಲ್ಲಿ ಬೇಕಾದ ಬಿಡಿಭಾಗ ಸಿಕ್ಕುವುದೆಂದು ನೆಚ್ಚಿ ಕೂಡುವಂತಿಲ್ಲ. ನಾಲ್ಕು ಗಂಟೆಗೆ ಯಾರಾದರೂ ಬಾಗಿಲು ತಟ್ಟಿದರೆ ಕೂಡಲೇ ಹೊರಡುವಂತಿರಬೇಕು. ಕಾರು ಹಳೆಯದಾಗುವುದನ್ನು ನಾವು ತಡೆಯಲಾರೆವು. ನೆಚ್ಚಿಗೆಗೆ ತಕ್ಕುದಾಗಿ ಅದನ್ನು ಇಟ್ಟುಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.