ಮಳೆಯ ಲೆಕ್ಕ ಬರೆದಿಟ್ಟವರು

ಇಂಗ್ಲೆಂಡಿನ ಬರ್ನ್ಲಿ ಊರಿನ ಬಳಿ ರಿಚರ್ಡ್ ಟೌನ್ಲಿ ಎಂಬ ಜಮೀನ್ದಾರನಿದ್ದ. 1677ರಲ್ಲಿ ಆತ ತನ್ನ ಮನೆಯ ಛಾವಣಿಯ ಮೇಲೆ 12 ಇಂಚು ಅಗಲದ ಆಲಿಕೆಯೊಂದನ್ನು ಕೂರಿಸಿ, ಅದಕ್ಕೆ ಸೀಸದ ಕೊಳವೆ ಬೆಸೆದು, ಇಳಿದು ಬಂದ ಮಳೆನೀರನ್ನು ಅಳೆದು ಬರೆದಿಡತೊಡಗಿದ. ಆ ದೇಶದಲ್ಲಿ ಕ್ರಮವಾಗಿ ಮಳೆಯ ಲೆಕ್ಕ ಶುರುವಾದದ್ದು ಅಲ್ಲಿಂದ. ಆದರೆ ಒಬ್ಬನ ಲೆಕ್ಕದಿಂದ ನಾಡಿನ ಮಳೆ ತಿಳಿಯುವುದಿಲ್ಲ. ಈ ಊರಲ್ಲಿ ಧೋ ಎಂದು ಸುರಿದದ್ದು ಪಕ್ಕದ ಊರಲ್ಲಿ ಹನಿಯದೆಯೂ ಹೋದೀತು. ಈ ವರ್ಷದ ಬರ ಅಪರೂಪದ್ದೋ ಮಾಮೂಲಿಯದೋ ಎಂದು ಹೇಳಲು ಅಜ್ಜನ ಕಾಲದ ಲೆಕ್ಕ ಕೈಯಲ್ಲಿರಬೇಕು. ಸಾವಿರಾರು ಕಡೆ, ತಲೆಮಾರುಗಟ್ಟಲೆ, ಒಂದು ದಿನವೂ ತಪ್ಪದೆ ಅಳೆಯುವ ಕೆಲಸಕ್ಕೆ ಸಂಬಳ ಕೊಟ್ಟು ಆಳಿಡುವುದು ಯಾವ ಸಂಸ್ಥೆಯಿಂದಲೂ ಆಗುವ ಮಾತಲ್ಲ. ಇಂಥ ಕಡೆ ಜನರ ಪಾಲುದಾರಿಕೆಯನ್ನು ವಿಜ್ಞಾನಕ್ಕೆ ಸಿಕ್ಕ ಬಿಟ್ಟಿ ನೆರವು ಎನ್ನುವುದು ಸಲ್ಲದು. ಅದಿಲ್ಲದೆ ಆ ವಿಜ್ಞಾನವೇ ಇರುತ್ತಿರಲಿಲ್ಲ.

ಇದನ್ನು ಚೆನ್ನಾಗಿ ಅರಿತವನು ಜಾರ್ಜ್ ಜೇಮ್ಸ್ ಸೈಮನ್ಸ್. 1850ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮಳೆ ಕೈಕೊಟ್ಟಾಗ, ಹಿಂದಿನ ಲೆಕ್ಕವೇ ಸರಿಯಾಗಿಲ್ಲದೆ ಯಾರಿಗೂ ಏನೂ ಹೇಳಲಾಗಲಿಲ್ಲ. ಸೈಮನ್ಸ್ ಮಳೆಮಾಪಕ ಇಟ್ಟವರನ್ನೆಲ್ಲ ಹುಡುಕಿ ಪತ್ರ ಬರೆದ. 1860ರ ಮೊದಲ ವರದಿಗೆ 168 ಕಡೆಯ ಲೆಕ್ಕ ಸಿಕ್ಕಿತು. 1900ರಲ್ಲಿ ಆತ ತೀರಿಕೊಳ್ಳುವ ಹೊತ್ತಿಗೆ ಆ ಬಳಗ ಮೂರು ಸಾವಿರ ದಾಟಿತ್ತು. ಪಾದ್ರಿಗಳು, ವೈದ್ಯರು, ತೋಟದ ಮಾಲಿಗಳು, ಶಾಲಾ ಮಾಸ್ತರರು, ಸಿರಿವಂತರು ಎಲ್ಲರೂ ಅದರಲ್ಲಿದ್ದರು. ಲೇಡಿ ಬೇನಿಂಗ್ ಎಂಬ ಮಹಿಳೆ 1835ರಿಂದ ಐವತ್ತು ವರ್ಷ ಲೆಕ್ಕ ಇಟ್ಟಳು. ನಾರ್ಫೋಕ್‌ನ ಹಳ್ಳಿಮನೆಯಿಂದ ಲಂಡನ್ನಿಗೆ ಹೋಗುವಾಗ ಮಳೆಮಾಪಕವನ್ನೂ ಜೊತೆಗೇ ಒಯ್ಯುತ್ತಿದ್ದಳು! ವಿಜ್ಞಾನದ ಪದವಿ ಇಲ್ಲದವರ ಈ ನಿಷ್ಠೆಗೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

ತರಬೇತಿ ಇಲ್ಲದವರ ಅಳತೆಯನ್ನು ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಸೈಮನ್ಸ್ ಯಾರನ್ನೂ ಕಣ್ಣುಮುಚ್ಚಿ ನಂಬಲಿಲ್ಲ. ಮಾಪಕದ ಬಾಯಿ ನೆಲದಿಂದ ಒಂದು ಅಡಿ ಎತ್ತರದಲ್ಲಿರಬೇಕು, ಮರ, ಗೋಡೆಗಳಿಂದ ದೂರವಿರಬೇಕು, ದಿನವೂ ಬೆಳಗ್ಗೆ 9 ಗಂಟೆಗೇ ಅಳೆಯಬೇಕು ಎಂಬ ಕಟ್ಟುಪಾಡುಗಳನ್ನು ರೂಢಿಗೆ ತಂದ. ತಾನೇ ಊರೂರು ಸುತ್ತಿ ಮಾಪಕಗಳನ್ನು ಪರೀಕ್ಷಿಸಿದ. ಒಬ್ಬನು ಅಂಕಿ ತಪ್ಪಾಗಿ ಬರೆದರೆ ಅಕ್ಕಪಕ್ಕದ ಊರುಗಳ ಲೆಕ್ಕದೊಡನೆ ತಾಳೆ ನೋಡಿದಾಗ ಅದು ಎದ್ದು ಕಾಣುತ್ತದೆ. ಹೀಗೆ ಅಳೆಯುವವರು ಹೆಚ್ಚಾದಷ್ಟೂ ತಪ್ಪು ಅಡಗಿ ಕೂರುವುದು ಕಷ್ಟ. ಆದರೆ ಇನ್ನೊಂದು ಕೊರತೆಯನ್ನು ಒಪ್ಪಲೇಬೇಕು. ಓದು ಬಲ್ಲವರು, ಬಿಡುವಿದ್ದವರು ಇದ್ದ ಕಡೆ ಮಾಪಕಗಳು ಹೆಚ್ಚು. ಜನವಸತಿ ವಿರಳವಾದ ಬೆಟ್ಟಗಾಡಿನಲ್ಲಿ ಕಡಿಮೆ. ಯಾರೂ ಅಳೆಯದ ಕಡೆಯ ಮಳೆಯನ್ನು ಯಾವ ಗಣಿತವೂ ಪೂರ್ತಿಯಾಗಿ ತಂದುಕೊಡಲಾರದು.

ಈ ಬಳಗ ಬರೆದಿಟ್ಟ ಲೆಕ್ಕದ ಬಹುಪಾಲು ಬ್ರಿಟನ್ನಿನ ಹವಾಮಾನ ಇಲಾಖೆಯ ಸಂಗ್ರಹದಲ್ಲಿ ಸುಮಾರು 65,000 ಹಾಳೆಗಳಲ್ಲಿ ಉಳಿದಿತ್ತು. ಹಾಳೆಗೆ ಒಂದು ಊರು, ಹತ್ತು ವರ್ಷ, ತಿಂಗಳುವಾರು ಮೊತ್ತ. ನೂರಾರು ಬಗೆಯ ಆ ಕೈಬರಹವನ್ನು ನೆಚ್ಚುವಂತೆ ಓದಲು ಆಗ ಯಂತ್ರಗಳಿಗೆ ಆಗುತ್ತಿರಲಿಲ್ಲ. 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಎಲ್ಲರೂ ಮನೆಯಲ್ಲಿ ಕೂತಿದ್ದಾಗ, ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಆ ಹಾಳೆಗಳನ್ನು ಜನರ ಮುಂದಿಟ್ಟರು. 16,000 ಮಂದಿ ಹದಿನಾರೇ ದಿನಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಒಂದೇ ಅಂಕಿಯನ್ನು ಹಲವರು ಓದಿ ಒಮ್ಮತ ಬಂದರೆ ಮಾತ್ರ ಲೆಕ್ಕಕ್ಕೆ. ಆಮೇಲೂ ಸಂಶಯ ಉಳಿದದ್ದನ್ನು ಕೈಬಿಟ್ಟರು. ಇದರಿಂದ 1862ರಿಂದಷ್ಟೇ ಶುರುವಾಗುತ್ತಿದ್ದ ಅಧಿಕೃತ ಮಳೆ ದಾಖಲೆ 1836ರವರೆಗೆ ಹಿಂದಕ್ಕೆ ಸರಿಯಿತು. ಬ್ರಿಟನ್ನಿನ ದಾಖಲೆಯಲ್ಲೇ ಅತಿ ಕಡಿಮೆ ಮಳೆಯಾದ ವರ್ಷ 1855 ಎಂದು ತಿಳಿಯಿತು. ಇಂಗ್ಲೆಂಡಿನ ಅತಿ ಒಣ ಮೇ ತಿಂಗಳು 2020ರದು ಎಂದುಕೊಂಡಿದ್ದರೆ, 1844ರ ಮೇ ಅದಕ್ಕಿಂತಲೂ ಒಣ ತಿಂಗಳಾಗಿತ್ತು! ಅಣೆಕಟ್ಟಿನ ನೀರನ್ನು ಎಂಥ ಬರಕ್ಕೆ ಕಾಯ್ದಿಡಬೇಕು ಎಂದು ನಿರ್ಧರಿಸುವವರಿಗೆ ಈ ಅಂಕಿಗಳು ಬಲು ಮುಖ್ಯ.

ಜನರಿಂದ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪವೂ ಇದೆ. ದುಡಿದವರ ಹೆಸರನ್ನೇ ಮರೆಸಿದರೆ ಖಂಡಿತ ಅನ್ಯಾಯ. ಸೈಮನ್ಸ್‌ನ ವಾರ್ಷಿಕ ಸಂಪುಟಗಳಲ್ಲಿ ಊರಿನ ಜೊತೆಗೆ ಅಳೆದವರ ಹೆಸರೂ ಅಚ್ಚಾಗುತ್ತಿತ್ತು. ಹಾಕಿನ್ಸ್ ಅವರ ಯೋಜನೆಯ ಬಗ್ಗೆ 2022ರಲ್ಲಿ ಪ್ರಕಟವಾದ ಸಂಶೋಧನಾ ಪ್ರಬಂಧಕ್ಕೆ ಎಂಟು ಮಂದಿ ಸ್ವಯಂಸೇವಕರೂ ಸಹಲೇಖಕರು. ಅಂಕಿಗಳು ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ. ದುಡಿದವರ ಹೆಸರು ಹೇಳುವುದು, ಅಂಕಿಗಳನ್ನು ಮುಕ್ತವಾಗಿಡುವುದು, ಈ ಎರಡನ್ನೂ ಪಾಲಿಸದ ಯೋಜನೆಗೆ ಜನರು ಸಮಯ ಕೊಡಬೇಕಿಲ್ಲ.

ಈಗ ಸ್ವಯಂಚಾಲಿತ ಮಳೆಮಾಪಕಗಳು ಬಂದಿವೆ, ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲೂ ಇವೆ; ಇನ್ನು ಜನರೇಕೆ ಅಳೆಯಬೇಕು ಎನ್ನಬಹುದು. ಯಂತ್ರ ಇಂದಿನ ಮಳೆಯನ್ನು ಅಳೆಯಬಲ್ಲದು, ಕಳೆದುಹೋದ ಮಳೆಯನ್ನಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುವ ರೂಢಿ ಹಳೆಯದು. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಂತು, ಎಷ್ಟು ಬಂತು ಎಂಬುದು ಆ ಪುಸ್ತಕಗಳಲ್ಲಿದೆ. ನಿಮ್ಮ ಮನೆಯ ಅಟ್ಟದಲ್ಲೋ ಕಪಾಟಿನಲ್ಲೋ ಅಂಥ ಪುಸ್ತಕವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪ್ರತಿ ಪುಟದ ಫೋಟೋ ತೆಗೆದಿಡಿ. ಮಾಪಕ ತೋಟದ ಯಾವ ಜಾಗದಲ್ಲಿತ್ತು, ಯಾವಾಗ ಜಾಗ ಬದಲಾಯಿತು, ಅಳೆದವರು ಯಾರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಈಗಲೇ ಬರೆದುಕೊಳ್ಳಿ.